ನೀರು ಇಳಿಯುವ ಕಾಲ: ಮಲೆನಾಡಿನ ಬೇಸಿಗೆಯ ಮಿಡಿ, ಹಪ್ಪಳ, ಮೀನು

ಸಾಗರ, ಸೊರಬ, ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಎಷ್ಟು ಬಲಿತಿದೆ ಎಂದು ತಿಳಿಯಲು ಪಂಚಾಂಗ ಬೇಡ, ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಸಾಕು. ಶಿವರಾತ್ರಿ ಹೊತ್ತಿಗೆ ನೀರು ಏರಿಯಿಂದ ನಾಲ್ಕು ಮಾರು ದೂರ ಹೋಗಿರುತ್ತದೆ. ಯುಗಾದಿಗೆ ಕೆರೆಯ ಅಂಗಳದಲ್ಲಿ ದನ ಮೇಯುತ್ತವೆ. ಭರಣಿ ಮಳೆಯ ದಿನ ಬರುವಷ್ಟರಲ್ಲಿ ನಡುವಿನ ಗುಂಡಿಯಲ್ಲಿ ಮೊಣಕಾಲುದ್ದ ಕೆಸರು ನೀರು ಉಳಿದಿರುತ್ತದೆ, ಅಷ್ಟೇ.

ಇವತ್ತು ನಾನು ಹೇಳಹೊರಟಿರುವುದು ಈ ಇಳಿಯುವ ನೀರಿನ ವಿಷಯ. ಮಲೆನಾಡಿನ ಬೇಸಿಗೆಯ ತಿನಿಸು, ಬೇಟೆ, ಹಣ್ಣುಹಂಪಲು ಯಾವುದನ್ನೇ ತೆಗೆದುಕೊಳ್ಳಿ, ಎಲ್ಲದರ ಹಿಂದೆ ಇರುವುದು ಒಂದೇ ಕೆಲಸ: ನೀರು ಹೊರಗೆ ಹೋಗುವುದು. ಮಾವಿನ ಮಿಡಿಯಿಂದ ಉಪ್ಪು ನೀರನ್ನು ಎಳೆಯುತ್ತದೆ, ಹಪ್ಪಳದಿಂದ ಬಿಸಿಲು ಎಳೆಯುತ್ತದೆ, ಕೆರೆಯಿಂದ ಸೆಕೆ ಎಳೆಯುತ್ತದೆ. ಎಷ್ಟು ಎಳೆದಾಗ ನಿಲ್ಲಿಸಬೇಕು ಎಂದು ಗೊತ್ತಿರುವವರ ಮನೆಯಲ್ಲಿ ಊಟ ಚೆನ್ನಾಗಿರುತ್ತದೆ.

ಮೊದಲು ಬರುವುದು ಮಿಡಿ. ಫೆಬ್ರುವರಿ, ಮಾರ್ಚ್ ಅದರ ಕಾಲ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು ಅಪ್ಪೆಮಿಡಿ. ಅದರ ಮರಗಳು ಹೆಚ್ಚಾಗಿ ಹೊಳೆ, ಹಳ್ಳಗಳ ಅಂಚಿನಲ್ಲಿ ತಾವಾಗಿ ಹುಟ್ಟಿದವು. ಅಘನಾಶಿನಿ, ಶರಾವತಿ, ವರದಾ ಬದಿಯ ಮರಗಳಿಗೆ ಒಂದೊಂದಕ್ಕೂ ಒಂದೊಂದು ಪರಿಮಳ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಕಂಚಪ್ಪೆ, ಜೀರಿಗೆ ಮಿಡಿ ಎಂದು ಮರಕ್ಕೆ ಹೆಸರಿಟ್ಟು ಕರೆಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಅಪ್ಪೆಮಿಡಿಗೆ ಸಿಕ್ಕಿದೆ. ಆದರೆ ಸಂತೆಯಲ್ಲಿ ಕೊಳ್ಳುವವರು ನಂಬುವುದು ಮೂಗನ್ನೇ. ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡದೆ ಯಾರೂ ಚೌಕಾಸಿಗೆ ಇಳಿಯುವುದಿಲ್ಲ.

ಉಪ್ಪಿನಕಾಯಿಯ ಜೀವ ಇರುವುದು ಆ ಸೊನೆಯಲ್ಲಿ. ಅದಕ್ಕೇ ಮಿಡಿಯನ್ನು ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ಇಳಿಸಬೇಕು. ಕೊಂಬೆ ಅಲುಗಿಸಿ ಉದುರಿಸಿದ ಮಿಡಿಗೆ ತೊಟ್ಟು ಕಳಚಿ ಸೊನೆ ಸೋರಿರುತ್ತದೆ, ನೆಲಕ್ಕೆ ಬಿದ್ದು ಒಳಗೆ ಜಜ್ಜಿರುತ್ತದೆ. ಕೊಳ್ಳುವಾಗ ನೋಡಿದರೆ ಏನೂ ತಿಳಿಯುವುದಿಲ್ಲ. ಆರು ತಿಂಗಳಾದ ಮೇಲೆ ಭರಣಿಗೆ ಕೈ ಹಾಕಿದಾಗ ಮೆತ್ತಗೆ ಪಿಚ್ಚೆನ್ನುತ್ತದೆ.

ಅಳತೆ ಹೀಗೆ. 5 ಕಿಲೊ ಮಿಡಿಗೆ ಒಂದೂಕಾಲು ಕಿಲೊ ಕಲ್ಲುಪ್ಪು, ಅಂದರೆ ತೂಕದಲ್ಲಿ ಕಾಲುಭಾಗ. ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ತೇವ ಪೂರ್ತಿ ಆರಿಸಿ. ತೊಟ್ಟನ್ನು ಕಾಲು ಇಂಚಿನಷ್ಟು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಭರಣಿಯ ತಳಕ್ಕೆ ಒಂದು ಹಿಡಿ ಉಪ್ಪು, ಮೇಲೆ ಒಂದು ಪದರ ಮಿಡಿ, ಮತ್ತೆ ಉಪ್ಪು, ಹೀಗೆ ಕುತ್ತಿಗೆಯವರೆಗೆ. ಎರಡನೆಯ ದಿನದಿಂದ ನೀರು ಬಿಡತೊಡಗುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಹನ್ನೆರಡರಿಂದ ಹದಿನೈದು ದಿನದಲ್ಲಿ ಮಿಡಿ ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟಿದರೆ ಉಪ್ಪು ತನ್ನ ಕೆಲಸ ಮುಗಿಸಿದೆ ಎಂದರ್ಥ. ಸುಕ್ಕು ಬರುವ ಮುಂಚೆ ಖಾರ ಬೆರೆಸಿದರೆ ಉಳಿದ ನೀರು ಆಮೇಲೆ ಹೊರಬಂದು ಖಾರವನ್ನು ತೆಳ್ಳಗೆ ಮಾಡುತ್ತದೆ, ಮೇಲೆ ಬಿಳಿ ಬೂಸ್ಟು ಕಟ್ಟುತ್ತದೆ.

ಆ ಉಪ್ಪುನೀರನ್ನು ಚೆಲ್ಲಬೇಡಿ. ಸೋಸಿ, ಹತ್ತು ನಿಮಿಷ ಮಳ್ಳಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಅನೇಕರು ಅವಸರಪಡುವುದು ಇಲ್ಲೇ. ಬಿಸಿ ಆರದ ನೀರಿಗೆ ಸಾಸಿವೆ ಪುಡಿ ಬಿದ್ದರೆ ಅದರ ಘಾಟು ಹುಟ್ಟುವುದೇ ಇಲ್ಲ, ಬರೀ ಕಹಿ ನಿಲ್ಲುತ್ತದೆ. ಸಾಸಿವೆಗೆ ಘಾಟು ಬರುವುದು ಅರೆದಾಗ ತಣ್ಣೀರಿನ ಜೊತೆ ಸೇರಿ. ಅದಕ್ಕೆ ಕಾರಣವಾದ ಕಿಣ್ವ ಶಾಖಕ್ಕೆ ಸಾಯುತ್ತದೆ. ತಣಿದ ನೀರಿನಲ್ಲಿ 250 ಗ್ರಾಂ ಸಾಸಿವೆ, 400 ಗ್ರಾಂ ಬ್ಯಾಡಗಿ ಮೆಣಸಿನ ಪುಡಿ, 25 ಗ್ರಾಂ ಅರಿಶಿನ ಕಲಸಿ, ಮಿಡಿ ಬೆರೆಸಿ, ಭರಣಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ. ತಿಂಗಳೊಪ್ಪತ್ತು ಮುಟ್ಟದಿದ್ದರೆ ಒಳ್ಳೆಯದು. ಮುಟ್ಟುತ್ತೀರಿ, ಗೊತ್ತು. ಒದ್ದೆ ಕೈಯಲ್ಲಿ ಮಾತ್ರ ಬೇಡ.

ಅಪ್ಪೆಹುಳಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ದೊಡ್ಡ ಅಪ್ಪೆಕಾಯನ್ನು ಎರಡು ಲೋಟ ನೀರಿನಲ್ಲಿ ಬೇಯಿಸಿ, ಕಿವುಚಿ, ಸಿಪ್ಪೆ ಗೊರಟು ತೆಗೆದು, ಒಂದು ಲೀಟರಿಗೆ ನೀರು ಸೇರಿಸಿ. ಒಂದೂವರೆ ಚಮಚ ಉಪ್ಪು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಎರಡು ಸೂಜಿಮೆಣಸು, ಇಂಗು ಹಾಕಿ ಒಗ್ಗರಣೆ. ಅನ್ನಕ್ಕೆ ಕಲಸುವಷ್ಟು ಮಂದ ಆದರೆ ಅದು ಸಾರು, ಅಪ್ಪೆಹುಳಿ ಅಲ್ಲ. ಲೋಟದಲ್ಲಿ ಎತ್ತಿ ಕುಡಿಯುವಷ್ಟು ತೆಳ್ಳಗಿರಬೇಕು. ಮಧ್ಯಾಹ್ನ ಕುಡಿದವರು ಆಮೇಲೆ ಎರಡು ತಾಸು ಯಾವ ಕೆಲಸವನ್ನೂ ಒಪ್ಪಿಕೊಳ್ಳದಿರುವುದು ಕ್ಷೇಮ.

ಏಪ್ರಿಲ್ ನಡುವಿನಲ್ಲಿ ಹಲಸು ಬಲಿಯುತ್ತದೆ. ಹಪ್ಪಳಕ್ಕೆ ಬಕ್ಕೆ ಹಲಸೇ ಬೇಕು. ಅಂಬಲಿ ಜಾತಿಯ ತೊಳೆ ಬೆಂದರೆ ಲೋಳೆಯಾಗುತ್ತದೆ. ಕಾಯಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಮುಳ್ಳುಗಳ ನಡುವಿನ ಅಂತರ ಅಗಲವಾಗಿ, ಮುಳ್ಳಿನ ತುದಿ ಮೊಂಡಾಗಿದ್ದರೆ ಬಲಿತಿದೆ ಎಂದು ಲೆಕ್ಕ. ಒಂದೆರಡು ದಿನ ತಡವಾಗಿ ತೊಳೆಗೆ ಸಿಹಿ ಇಳಿದರೆ ಆ ಹಪ್ಪಳ ಎಣ್ಣೆಗೆ ಬಿದ್ದ ಕ್ಷಣವೇ ಕೆಂಪಾಗಿ ಕರಕಲಾಗುತ್ತದೆ. ಸಕ್ಕರೆ ಅಂಶ ಮೊದಲು ಸುಡುತ್ತದೆ, ಹಪ್ಪಳ ಅರಳುವುದು ಆಮೇಲೆ.

ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ತೊಳೆಯನ್ನು ಬೀಜ ತೆಗೆದು ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ನೀರಿನಲ್ಲಿ ಬೇಯಿಸಿದರೆ ಕುಡಿದ ನೀರನ್ನೆಲ್ಲ ಮತ್ತೆ ಬಿಸಿಲಿಗೇ ಕೊಡಬೇಕು, ಒಣಗುವಾಗ ಅಂಚು ಸೀಳುತ್ತದೆ. ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ತಣಿದ ತೊಳೆಯಲ್ಲಿ ನಾರು ನಾರಾಗಿ ಉಳಿದು ಹಿಟ್ಟು ಒಂದಾಗುವುದಿಲ್ಲ. ಬೆಂದ ತೊಳೆ ಒಂದು ಕಿಲೊ ಇದ್ದರೆ ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಏಳೆಂಟು ಒಣಮೆಣಸು, ಚಿಟಿಕೆ ಇಂಗು ಸಾಕು. ಉಪ್ಪು ಹತ್ತು ಗ್ರಾಂ ದಾಟಬಾರದು. ಹಿಟ್ಟನ್ನು ನಾಲಿಗೆಗೆ ಹಚ್ಚಿದಾಗ ಸಪ್ಪೆ ಅನ್ನಿಸಬೇಕು. ಒಣಗಿದ ಮೇಲೆ ಹಪ್ಪಳದ ತೂಕ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಉಪ್ಪು ಮಾತ್ರ ಇದ್ದಷ್ಟೇ ಇರುತ್ತದೆ. ಹೊಸಬರ ಹಪ್ಪಳ ಉಪ್ಪಾಗುವುದು ಈ ಲೆಕ್ಕ ತಪ್ಪಿ.

ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹಾಸಿ. ಮೊದಲ ದಿನ ಮಧ್ಯಾಹ್ನ ಒಮ್ಮೆ ಮಗುಚಬೇಕು. ಎರಡು ಮೂರು ಬಿಸಿಲು ಕಂಡ ಹಪ್ಪಳವನ್ನು ಮುರಿದರೆ ಟಕ್ಕೆನ್ನಬೇಕು. ಬಾಗಿದರೆ ಇನ್ನೊಂದು ಬಿಸಿಲು. ಒಂದು ತಮಾಷೆ ನೋಡಿ: ‘ಭರಣಿ ಮಳೆ ಧರಣಿ ಬೆಳೆ’ ಎಂದು ಗಾದೆ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಈ ಮಳೆಗಾಗಿ ಮನೆಯ ಯಜಮಾನ ಗದ್ದೆಯಲ್ಲಿ ನಿಂತು ಆಕಾಶ ನೋಡುತ್ತಿರುತ್ತಾನೆ. ಅದೇ ಮೋಡ ಕಂಡರೆ ಅಂಗಳದಲ್ಲಿ ಹಪ್ಪಳ ಹರಡಿದ ಹೆಂಗಸರು ಶಾಪ ಹಾಕುತ್ತಿರುತ್ತಾರೆ.

ಮುರುಗಲು (ಕೋಕಂ), ಕೌಳಿ, ನೇರಳೆ ಎಲ್ಲ ಇದೇ ಹೊತ್ತಿನವು. ಮುರುಗಲಿನ ಬಗ್ಗೆ ಒಂದೇ ಮಾತು: ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು ಗಾಜಿನ ಬಾಟಲಿಯಲ್ಲಿ ಪದರ ಹಾಕಿ ಎಂಟು ದಿನ ಬಿಸಿಲಿಗಿಡಿ, ಒಂದು ಹನಿಯೂ ನೀರು ಸೇರಿಸದೆ ಕೆಂಪು ಪಾಕ ತಾನಾಗಿ ಇಳಿಯುತ್ತದೆ. ಬೀಜ ಎಸೆಯದೆ ಒಣಗಿಸಿಟ್ಟರೆ ಅದರಿಂದ ತೆಗೆಯುವ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಆಗುತ್ತದೆ.

ಇನ್ನು ಮೀನು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಬೇಸಿಗೆಯ ಗಾಳಕ್ಕೆ ಹೊತ್ತು ಮುಖ್ಯ, ಗಾಳ ಆಮೇಲೆ. 20 ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಕಾದರೆ ಏಳೂವರೆ ಮಾತ್ರ. ಹಾಗಾಗಿ ಹತ್ತು ಗಂಟೆಯ ಮೇಲೆ ಮೀನು ತೆಳು ನೀರನ್ನು ಬಿಟ್ಟು ಗುಂಡಿಯ ತಂಪಿಗೆ, ಮರದ ಬೇರಿನ ನೆರಳಿಗೆ ಇಳಿದು ಸುಮ್ಮನಾಗುತ್ತದೆ. ಆಗ ಅದರ ಮೂಗಿನ ಮುಂದೆ ಎರೆಹುಳು ಇಳಿಬಿಟ್ಟರೂ ಬಾಯಿ ತೆರೆಯುವುದಿಲ್ಲ. ಬೆಳಗಿನ ಜಾವದಿಂದ ಎಂಟರವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ, ಇವೆರಡೇ ಒಳ್ಳೆಯ ಹೊತ್ತು.

ಕೋಲಿಗೆ ವಾಟೆ ಬಿದಿರು ಒಳ್ಳೆಯದು. ಹತ್ತು ಹನ್ನೆರಡು ಅಡಿ ಉದ್ದ, ತುದಿ ಕಿರುಬೆರಳಿಗಿಂತ ತೆಳು. ನೂಲು 0.25 ಮಿಲಿಮೀಟರ್ ದಪ್ಪದ ನೈಲಾನ್ ಸಾಕು. ದಪ್ಪ ನೂಲು ಇಳಿದು ತಿಳಿಯಾದ ನೀರಿನಲ್ಲಿ ಮೀನಿಗೆ ಎದ್ದು ಕಾಣುತ್ತದೆ. ಬೆಂಡನ್ನು ನವಿಲುಗರಿಯ ಬುಡದಿಂದ ಮಾಡಿಕೊಂಡರೆ ಸಣ್ಣ ಮೀನಿನ ಮುಟ್ಟುವಿಕೆಯೂ ತಿಳಿಯುತ್ತದೆ. ಉದುರಿ ಬಿದ್ದ ಗರಿಯೇ ಆಗಿರಲಿ. ಸೀಸದ ಗುಂಡನ್ನು ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಕಚ್ಚಿಸಿ. ಬೆಂಡನ್ನು ಸರಿಸಿ ಸರಿಸಿ ಆಳ ಅಳೆದು, ಹುಳು ತಳದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಮಾಡಿ. ನೆಲಕ್ಕೆ ತಾಗಿದರೆ ಏಡಿ ತಿಂದು ಹೋಗುತ್ತದೆ, ನೀವು ಬರಿ ಕೊಕ್ಕೆ ಕಾಯುತ್ತ ಕೂತಿರುತ್ತೀರಿ.

ಬೇಸಿಗೆಯಲ್ಲಿ ಎರೆಹುಳು ಎಲ್ಲಿ ಎಂದು ಕೇಳುತ್ತಾರೆ. ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ, ಗೊಬ್ಬರಗುಂಡಿಯ ಅಂಚಿನಲ್ಲಿ. ತೆಂಗಿನ ಕರಟದಲ್ಲಿ ಅಲ್ಲಿಯದೇ ಒದ್ದೆ ಮಣ್ಣಿನ ಜೊತೆ ಇಡಿ, ಬಿಸಿಲಿಗೆ ಬೇಡ. ಗೌರಿ ಮೀನಿಗೆ, ರೋಹುವಿಗೆ ಮೈದಾ ಮತ್ತು ತೌಡನ್ನು ಸಮಪಾಲು ಕಲಸಿದ ಉಂಡೆ. ಕಲಸಿದ್ದು ನೀರಿನಲ್ಲಿ ಐದು ನಿಮಿಷವಾದರೂ ಕರಗದೆ ನಿಲ್ಲಬೇಕು.

ಬೆಂಡು ಓದಲು ಕಲಿಯುವುದೇ ಇದರ ಸುಖ. ಟುಕುಟುಕು ಕುಣಿದರೆ ಬೆಳ್ಳಿ ಬಣ್ಣದ ಮರಿಮೀನುಗಳು ಹುಳುವನ್ನು ಕುಕ್ಕುತ್ತಿವೆ, ಎಳೆಯಬೇಡಿ. ಓರೆಯಾಗಿ ಜಾರಿಕೊಂಡು ಹೋದರೆ ಮುಗುಡಿನಂಥ ಮೀಸೆಯ ಮೀನು. ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿದರೆ ಗೌರಿಯಂಥ ಮೀನು ತಳದಿಂದ ಉಂಡೆ ಬಾಯಲ್ಲಿಟ್ಟು ತಲೆ ಎತ್ತಿದೆ, ಸೀಸದ ಭಾರ ಅದರ ಬಾಯಿಗೆ ಹೋಗಿದೆ. ಆಗ ಮುಂಗೈಯಷ್ಟೇ ಮೇಲೆತ್ತಿ. ಇಡೀ ತೋಳಿನಿಂದ ಸೆಳೆದರೆ ತುಟಿ ಹರಿದು ಮೀನು ಹೋಗುತ್ತದೆ, ಕೊಕ್ಕೆ ನಿಮ್ಮ ಹಿಂದಿನ ಮರಕ್ಕೆ ಸಿಕ್ಕಿಕೊಳ್ಳುತ್ತದೆ.

ಗಾಳ ಒಬ್ಬರದ್ದು, ಕೆರೆಬೇಟೆ ಊರಿನದ್ದು. ನೀರು ತೊಡೆಯಿಂದ ಕೆಳಕ್ಕೆ ಇಳಿದ ಮೇಲೆ ಊರ ಹಿರಿಯರು ದಿನ ಗೊತ್ತುಮಾಡುತ್ತಾರೆ. ಅಕ್ಕಪಕ್ಕದ ಹಳ್ಳಿಗಳಿಗೆ ಸುದ್ದಿ ಹೋಗುತ್ತದೆ. ಮೀನು ಹಿಡಿಯುವ ಬುಟ್ಟಿಗೆ, ಅಂದರೆ ಕೂಣಿಗೆ, ಇಷ್ಟು ಎಂದು ಹಣ ಕಟ್ಟಿಸಿಕೊಳ್ಳುವ ಊರುಗಳಿವೆ, ಆ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಪೂಜೆಯಾಗಿ ಸೂಚನೆ ಬೀಳುವವರೆಗೆ ಯಾರೂ ನೀರಿಗೆ ಕಾಲಿಡುವಂತಿಲ್ಲ. ಬಿದ್ದ ಮೇಲೆ ನೂರಾರು ಜನ ಒಟ್ಟಿಗೆ ನುಗ್ಗುತ್ತಾರೆ.

ಕೂಣಿ ಎಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಎತ್ತರ ಸುಮಾರು ಎರಡು, ಎರಡೂವರೆ ಅಡಿ. ಕೆಳಬಾಯಿ ಅಗಲ, ಮೇಲ್ಬಾಯಿ ತೋಳು ಹೋಗುವಷ್ಟು ಕಿರಿದು. ಬಿದಿರಿನ ಸೀಳುಗಳ ಕೆಳತುದಿ ಚೂಪಾಗಿದ್ದು ಕೆಸರಿಗೆ ಊರಿ ನಿಲ್ಲುತ್ತದೆ. ಸೀಳುಗಳ ನಡುವಿನ ಸಂದು ಎರಡು ಬೆರಳಿಗಿಂತ ಕಡಿಮೆಯಿರಬಾರದು. ಸಂದು ಕಿರಿದಾದಷ್ಟೂ ಕೂಣಿ ನೀರನ್ನು ತಳ್ಳುತ್ತದೆ, ಆ ಅಲೆಗೇ ಮೀನು ಜಾರಿಕೊಳ್ಳುತ್ತದೆ. ಮರಿಗಳು ನುಸುಳಿ ಉಳಿಯುವುದೂ ಈ ಸಂದಿನಿಂದಲೇ. ಬಳಸುವ ಕ್ರಮ ಸರಳ: ಮುಂದಕ್ಕೆ ಒಂದು ಹೆಜ್ಜೆ, ಕೂಣಿ ನೆಟ್ಟಗೆ ಕೆಳಕ್ಕೆ, ಒಂದು ಕ್ಷಣ ಅಂಗೈಯನ್ನು ಸೀಳಿಗೆ ಒತ್ತಿ ಹಿಡಿಯುವುದು. ಒಳಗೆ ಮೀನಿದ್ದರೆ ಸೀಳಿಗೆ ಬಡಿದ ಪೆಟ್ಟು ಕೈಗೆ ತಿಳಿಯುತ್ತದೆ. ಇಲ್ಲದಿದ್ದರೆ ಎತ್ತಿ ಮುಂದೆ. ಓರೆಯಾಗಿ ಇಳಿಸಿದರೆ ಒಂದು ಬದಿ ಎದ್ದು ಮೀನು ಅಡಿಯಿಂದ ಹೋಗುತ್ತದೆ. ಹೊಸಬರಿಗೆ ಬರಿಗೈ ಆಗಲು ಮುಖ್ಯ ಕಾರಣ ಇದು.

ಯಾವ ಮೀನು ಯಾವಾಗ ಸಿಗುತ್ತದೆ ಎನ್ನುವುದಕ್ಕೂ ಒಂದು ಕ್ರಮವಿದೆ. ಜನ ತುಳಿದು ಕೆಸರೆದ್ದಾಗ ಕಾಟ್ಲಾ, ರೋಹು, ಗೌರಿ ಮೀನುಗಳ ಕಿವಿರಿಗೆ ಮಣ್ಣು ಕಟ್ಟಿ ಉಸಿರು ಸಿಗದೆ ಅವು ಮೇಲೆ ಬಂದು ಬಾಯಿ ಬಿಡುತ್ತವೆ. ಮೊದಲ ಅರ್ಧ ಗಂಟೆ ಅವುಗಳದ್ದು. ಕೊರಮೀನಿಗೆ, ಮುಗುಡಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರ ಉಸಿರಾಡುವ ಅಂಗ ಇದೆ. ಆದ್ದರಿಂದ ಅವು ಅವಸರಪಡದೆ ಕೆಸರಿಗೆ ಹುದುಗಿಕೊಳ್ಳುತ್ತವೆ. ಗದ್ದಲ ಮಾಡುವವರು ದಡ ಸೇರಿದ ಮೇಲೆ, ಗುಳ್ಳೆ ಏಳುವ ಜಾಗ ಗುರುತಿಟ್ಟು ಕೂಣಿ ಊರುವ ನಿಧಾನಸ್ಥರಿಗೆ ಕೊರಮೀನು ಸಿಗುತ್ತದೆ.

ಕೂಣಿಯೊಳಗೆ ಕೈ ಹಾಕುವಾಗ ಬೆರಳು ಅಗಲಿಸದೆ, ಅಂಗೈ ಕೆಳಗಾಗಿ, ಅಂಚಿನಿಂದ ನಡುವಿಗೆ ತಡಕಿ. ಮುಗುಡಿನ ಎದೆಯ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ. ಅದಕ್ಕಿಂತ ಕೆಟ್ಟದ್ದು ಚೇಳುಮೀನು. ಅದರ ಮುಳ್ಳಿನಲ್ಲಿ ವಿಷ, ಚುಚ್ಚಿದರೆ ತೋಳಿನವರೆಗೆ ಉರಿ ಏರುತ್ತದೆ. ಔಷಧ ಅಲ್ಲೇ ಇದೆ: ತಾಳಿಕೊಳ್ಳಬಹುದಾದಷ್ಟು ಬಿಸಿ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಮುಳುಗಿಸಿಡಿ. ಆ ವಿಷ ಶಾಖಕ್ಕೆ ಕೆಡುವಂಥದ್ದು. ನೋವಿನ ಕೈಗೆ ಬಿಸಿಯ ಅಳತೆ ತಿಳಿಯುವುದಿಲ್ಲ, ಚುಚ್ಚಿಸಿಕೊಳ್ಳದ ಕೈಯಿಂದ ಮುಟ್ಟಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಹೆಚ್ಚಿದರೆ ಆಸ್ಪತ್ರೆಗೆ ಹೋಗಲೇಬೇಕು.

ಕೆರೆಮೀನು ಮಣ್ಣು ನಾರುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ನಿಜವೇ. ಕೆರೆಯ ಪಾಚಿ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು, ಮೊದಲ ಮಳೆಗೆ ನೆಲದಿಂದ ಏಳುವ ಘಮವೂ ಅದರದ್ದೇ. ಹುಳಿ ಬಿದ್ದರೆ ಅದು ಒಡೆಯುತ್ತದೆ. ಮಲೆನಾಡಿನ ಮೀನು ಸಾರಿನಲ್ಲಿ ಹುಣಸೆ, ಉಪ್ಪಾಗೆ ಹುಳಿ ಮುಂದಾಗಿರುವುದಕ್ಕೆ ಇದೂ ಒಂದು ಕಾರಣ. ಜೀವಂತ ಸಿಕ್ಕ ಕೊರಮೀನು, ಮುಗುಡನ್ನು ಒಂದು ದಿನ ಬಾವಿಯ ನೀರಿನಲ್ಲಿ ಬಿಟ್ಟರೆ ಹೊಟ್ಟೆಯ ಮಣ್ಣೂ ಹೋಗುತ್ತದೆ. ಡ್ರಮ್ಮಿಗೆ ಮುಚ್ಚಳ ಹಾಕಿ ಮೇಲೆ ಕಲ್ಲಿಡಿ, ಕೊರಮೀನು ರಾತ್ರಿ ಹಾರಿ ಅಂಗಳದಲ್ಲಿರುತ್ತದೆ. ಮುಗುಡಿನ ಲೋಳೆಗೆ ಒಲೆಯ ಬೂದಿ ಹಚ್ಚಿ ಒರಟು ಕಲ್ಲಿಗೆ ಉಜ್ಜಬೇಕು. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಕೆರೆದು ತೆಗೆಯದಿದ್ದರೆ ಯಾವ ಹುಳಿಯೂ ಕಾಪಾಡುವುದಿಲ್ಲ.

ಒಂದು ಕಿಲೊ ಮೀನಿಗೆ ಹನ್ನೆರಡು ಬ್ಯಾಡಗಿ, ನಾಲ್ಕು ಗುಂಟೂರು ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ಕಾಲು ಚಮಚ ಮೆಂತ್ಯ ಹುರಿದು, ಅರ್ಧ ತೆಂಗಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ನಿಂಬೆಗಾತ್ರದ ಹುಣಸೆಯ ಜೊತೆ ನುಣ್ಣಗೆ ಅರೆಯಿರಿ. ಮಣ್ಣಿನ ಮಡಕೆಯಲ್ಲಿ ಮಸಾಲೆಯೇ ಹತ್ತು ನಿಮಿಷ ಕುದಿಯಬೇಕು. ಹಸಿ ವಾಸನೆ ಹೋದ ಮೇಲೆ ಮೀನು, ಆಮೇಲೆ ಎಂಟು ಹತ್ತು ನಿಮಿಷ, ಅಷ್ಟೇ. ಮೀನು ಬಿದ್ದ ಮೇಲೆ ಸೌಟು ಹಾಕುವಂತಿಲ್ಲ, ಮಡಕೆಯ ಕುತ್ತಿಗೆ ಹಿಡಿದು ಅಲುಗಿಸಿ. ಮೆಂತ್ಯ ಕಪ್ಪಾದರೆ ಸಾರೆಲ್ಲ ಕಹಿ. ರಾತ್ರಿ ಕಡುಬಿನ ಜೊತೆ, ಮಾರನೆಯ ಬೆಳಿಗ್ಗೆ ಅಕ್ಕಿ ರೊಟ್ಟಿಯ ಜೊತೆ. ಎರಡನೆಯದೇ ಮೇಲು, ಈ ವಿಷಯದಲ್ಲಿ ರಾಜಿ ಇಲ್ಲ.

ಒಂದು ಗಂಭೀರ ಮಾತು. ಕೆರೆಬೇಟೆ ಮುಗಿದು ಕೆಸರು ಇಳಿದ ಮೇಲೂ ಒಂದಷ್ಟು ಮೀನು ಉಳಿದೇ ಉಳಿಯುತ್ತದೆ. ಆದರೆ ಹೊಳೆಯ ಗುಂಡಿಗೆ ಬ್ಲೀಚಿಂಗ್ ಪುಡಿ ಸುರಿದರೆ, ಕಾರೆಕಾಯಿ ಜಜ್ಜಿ ಹಾಕಿದರೆ, ಸಿಡಿಮದ್ದು ಎಸೆದರೆ ಮರಿ, ಮೊಟ್ಟೆ, ಏಡಿ, ಎಲ್ಲವೂ ಸಾಯುತ್ತವೆ. ಏಪ್ರಿಲಿನಲ್ಲಿ ಹೊಳೆ ಹರಿವು ಕಡಿದು ಗುಂಡಿ ಗುಂಡಿಯಾಗಿ ನಿಂತಿರುತ್ತದೆ. ಎರಡು ಮೂರು ಫರ್ಲಾಂಗಿನ ಮೀನೆಲ್ಲ ಆ ಒಂದು ಗುಂಡಿಯಲ್ಲಿ ಬೀಜಕ್ಕೆಂದು ಉಳಿದಿರುತ್ತದೆ. ವಿಷ, ಮದ್ದು ಹಾಕಿ ಮೀನು ಹಿಡಿಯುವುದು ಕಾನೂನಿನಲ್ಲಿ ಅಪರಾಧ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನು ಎಂದು ಬಿಟ್ಟ ಗುಂಡಿಗಳಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಗಾಳ ಬೇಡ, ಒಂದು ಹಿಡಿ ಅಕ್ಕಿ ಸಾಕು.

ರೋಹಿಣಿ ಮಳೆ ಮುಗಿಯುತ್ತ ಬಂದಾಗ, ಮೇ ಕೊನೆ, ಜೂನ್ ಮೊದಲ ವಾರ, ಎಲ್ಲ ತಿರುಗುಮುರುಗಾಗುತ್ತದೆ. ಸಂಜೆ ಮಿಂಚುಹುಳಗಳು ಒಂದು ಮರವಿಡೀ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಹಪ್ಪಳದ ಡಬ್ಬಿಯ ಮುಚ್ಚಳ ಬಿಗಿಯಾಗಬೇಕು. ಹೊರಟ ನೀರು ಗಾಳಿಯಲ್ಲೇ ಹಿಂತಿರುಗುತ್ತಿರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅಷ್ಟರೊಳಗೆ ಸಂತೆಯಿಂದ ಒಣಮೀನು, ಒಣಸಿಗಡಿ ತಂದಿಟ್ಟುಕೊಂಡವರು ಜಾಣರು.

ಮೊದಲ ದೊಡ್ಡ ಮಳೆಗೆ ಕೆಂಪು ನೀರು ಗದ್ದೆಯಿಂದ ಹೊಳೆಗೆ ಧುಮುಕಿದಾಗ, ಆ ಹರಿವಿಗೆ ಎದುರಾಗಿ ಮೀನು ಗದ್ದೆಗೆ ಹತ್ತುತ್ತದೆ. ಹತ್ತುಮೀನು ಎನ್ನುವುದು ಇದನ್ನೇ. ರಾತ್ರಿ ದೀಪ ಹಿಡಿದು ಕತ್ತಿಯಲ್ಲಿ ಕಡಿಯುವ ರೂಢಿ ಹಳೆಯದು, ಬುಟ್ಟಿ ತುಂಬುವುದೂ ನಿಜ. ಆದರೆ ಹತ್ತುವ ಹೆಣ್ಣುಮೀನಿನ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇರುತ್ತದೆ, ಮುಂದಿನ ಬೇಸಿಗೆಯ ಕೆರೆಬೇಟೆ ಇರುವುದು ಅಲ್ಲಿ. ಅದಾಗಿ ಕೆಲವು ವಾರಕ್ಕೆ ಕೆರೆಯ ಅಂಚಿನಲ್ಲಿ ಅಂಗೈಯಗಲದ ಕೆಂಪು ಕಲೆಯೊಂದು ನೀರಿನ ಮೇಲೆ ಚಲಿಸುತ್ತಿರುವುದು ಕಾಣಬಹುದು. ಅದು ಕೊರಮೀನಿನ ಮರಿಗಳ ಗುಂಪು. ತಾಯಿ, ತಂದೆ ಅಡಿಯಲ್ಲೇ ಕಾವಲಿರುತ್ತವೆ. ಆಗ ಗಾಳ ಬಿಟ್ಟರೆ ಸಿಟ್ಟಿಗೇ ಕಚ್ಚುತ್ತವೆ. ತಂದೆತಾಯಿ ಮೇಲೆ ಬಂದ ಗಳಿಗೆಯಿಂದ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ.

ಆ ಹೊತ್ತಿಗೆ ಕೂಣಿ ಮನೆಯೊಳಗಿರಬೇಕು. ಕೆಸರು ಒಂದು ಚೂರೂ ಉಳಿಯದಂತೆ ತೊಳೆದು, ಎರಡು ಬಿಸಿಲು ಒಣಗಿಸಿ, ಸಡಿಲವಾದ ಕಟ್ಟು ಬಿಗಿದು, ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ತಾಗುವ ಹಾಗೆ ಏರಿಸಿಬಿಡಿ. ಹೊಗೆ ಕುಡಿದ ಬಿದಿರಿಗೆ ಕುಟ್ಟೆ ಹುಳು ಬೀಳುವುದಿಲ್ಲ.